ಹಗಲು ಹೊತ್ತಿನ ಮದುವೆ

ಮಸ್ಕತ್ತಿನಲ್ಲಿ ಮದುವೆಯಾಗುತ್ತೇನೆ ಎಂದು ನಮ್ಮ ಅತ್ತೆ ಹೇಳಿದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕುವುದು ಬಿಟ್ಟು ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿ ಬಂದಳು. ಕೊಟ್ಟೂರಿನ ನಮ್ಮ ಮನೆಯಲ್ಲಿ ಆ ಬಾಗಿಲನ್ನು ಹಗಲು ಹೊತ್ತು ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆ ನಮ್ಮ ಅಪ್ಪನ ಒಬ್ಬಳೇ ತಂಗಿ. ಹರಪನಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷ ತುಂಬುವ ಮೊದಲೇ ಮಾವ ಚಿಗಟೇರಿ ರಸ್ತೆಯಲ್ಲಿ ಮೋಟರ್ ಸೈಕಲ್ಲಿನಿಂದ ಬಿದ್ದು ತೀರಿಹೋದರು. ಆಗ ಮಗಳು ತೊಟ್ಟಿಲಲ್ಲಿದ್ದಳು. ವರ್ಷ ಕಳೆದ ಮೇಲೆ ಅತ್ತೆ ಕೂಸನ್ನು ಎತ್ತಿಕೊಂಡು ತವರಿಗೆ ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸತೊಡಗಿದಳು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಮಗಳಿಗೆ ಆರು ತುಂಬಿತ್ತು. ನಾನು ಕಾಲೇಜು ಸೇರಿದ್ದೆ.

ಮದುವೆಯಾಗುತ್ತೇನೆಂದು ಕೇಳಿದವನು ಹಡಗಲಿ ಕಡೆಯವನು, ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡುತ್ತಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವನ ತಂಗಿಯನ್ನು ಕೊಟ್ಟೂರಿಗೇ ಕೊಟ್ಟಿದ್ದರು, ಅವಳು ಅತ್ತೆಯ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ರಜೆಗೆ ಬಂದಾಗ ತಂಗಿಯ ಜೊತೆ ಎರಡು ಮೂರು ಸಲ ಬಂದ, ಒಮ್ಮೆ ನಮ್ಮ ಕೆಟ್ಟ ಫ್ಯಾನನ್ನು ಬಿಚ್ಚಿ ಸರಿಮಾಡಿಕೊಟ್ಟ. ಮಾತು ಕಡಿಮೆ. ವಾಪಸ್ಸು ಹೋಗುವ ಮುಂಚೆ ತಂಗಿಯ ಬಾಯಿಂದ ಹೇಳಿ ಕಳಿಸಿದ: ಮಗಳ ಸಮೇತ ಬರುವುದಾದರೆ ತನಗೆ ಸಂತೋಷ, ಯೋಚನೆ ಮಾಡಲು ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಲಿ.

ನಮ್ಮ ಅಜ್ಜಿಗೂ ಬೇಡ ಅನ್ನುವ ಮನಸ್ಸಿರಲಿಲ್ಲ. ಹಿಂದೆ ಉಡಿಕಿ ಮಾಡುತ್ತಿದ್ದರಲ್ಲ, ಹಂಗ ಮಾಡಿದರಾತು ಅಂದಳು. ಉಡಿಕಿ ಅಂದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು. ಅಜ್ಜಿಯ ಅಕ್ಕನಿಗೆ ಹಾಗೇ ಆಗಿತ್ತಂತೆ. ಕತ್ತಲಾದ ಮೇಲೆ ಒಳಕೋಣೆಯಲ್ಲಿ, ದೀಪ ಸಣ್ಣದು ಮಾಡಿ, ಮುತ್ತೈದೆಯರು ಯಾರೂ ಅವಳ ಮುಖ ನೋಡದ ಹಾಗೆ. ಬೆಳಕು ಹರಿಯುವುದರೊಳಗೆ ಅವಳು ಊರು ದಾಟಿರಬೇಕು. ಇದನ್ನೆಲ್ಲ ಅಜ್ಜಿ ಅಕ್ಕಿ ಆರಿಸುತ್ತ ಸಹಜವಾಗಿ ಹೇಳಿದಳು. ಅತ್ತೆ ಕೇಳಿಸಿಕೊಂಡು ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟಳು.

"ಕಳ್ಳರಂಗ ಆಗೂದಾದ್ರ ನನಗ ಬ್ಯಾಡವ್ವ," ಅಂದಳು. "ಹಗಲೊತ್ತಿನ್ಯಾಗ ಅರಿಷಿಣ ಹಚ್ಚಬೇಕು, ನಾಕು ಮಂದಿ ಕಣ್ಣಮುಂದ ಅಕ್ಕಿಕಾಳು ಬೀಳಬೇಕು. ಇಲ್ಲಿ ಆಗಂಗಿಲ್ಲ ಅಂದ್ರ ಎಲ್ಲಿ ಆಗತೈತಿ ಅಲ್ಲಿ."

ಇಲ್ಲಿ ಎಲ್ಲಾದರೂ ಆಗುತ್ತದೆಯೇ ಎಂದು ಅಪ್ಪ ಅವ್ವ ಕೂತು ಲೆಕ್ಕ ಹಾಕಿದರು. ಉಜ್ಜಿನಿ ಗುಡಿಯಲ್ಲಿ ಸಣ್ಣಗೆ ಮಾಡಿದರೆ ಹೇಗೆ ಎಂದ ಅಪ್ಪ. ಅಲ್ಲಿಗೆ ಹರಪನಹಳ್ಳಿಯವರು ದಿನಾ ಬರುತ್ತಾರೆ ಎಂದಳು ಅವ್ವ. ಹೊಸಪೇಟೆಯಲ್ಲಿ ರಿಜಿಸ್ಟರ್ ಮಾಡಿಸಿದರೆ? ಕಚೇರಿಯವರು ಹೆಸರು ಬರೆದು ಗೋಡೆಗೆ ಹಚ್ಚುತ್ತಾರೆ, ಓದಿದವರು ಸುಮ್ಮನಿರುತ್ತಾರಾ? ಬೆಂಗಳೂರಿನ ನೆಂಟರ ಮನೆಯ ಹೆಸರೂ ಬಂತು, ಅದೂ ಬಿತ್ತು. ಯಾವ ಊರಿನ ಹೆಸರು ಎತ್ತಿದರೂ ಕೊನೆಗೆ ಮಾತು ಒಬ್ಬರ ಹತ್ತಿರ ಬಂದು ನಿಲ್ಲುತ್ತಿತ್ತು.

ಅವರು ತೀರಿಹೋದ ಮಾವನ ಅಣ್ಣ. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದರು. ನಮ್ಮ ಹೊಲದ ಮಾಲನ್ನೂ ಅಪ್ಪ ಅವರ ಅಂಗಡಿಗೇ ಹಾಕುತ್ತಿದ್ದ. ನಾವು ಅವರನ್ನು ಬೀಗರು ಅನ್ನುತ್ತಿದ್ದೆವು. ಅವರು ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ. ತಮ್ಮನ ಹೆಂಡತಿಯನ್ನು ತಂಗಿ ಅನ್ನುತ್ತಿದ್ದರು, ಮಿಕ್ಕ ಸಣ್ಣವರಿಗೂ 'ರಿ' ಹಚ್ಚಿ ಮಾತಾಡುತ್ತಿದ್ದರು. ತಮ್ಮನ ಮೇಲೆ ಜೀವ ಇಟ್ಟುಕೊಂಡಿದ್ದವರು. ಅತ್ತೆಯ ಮಗಳನ್ನು ಕಂಡಾಗಲೆಲ್ಲ ಅವಳ ಗದ್ದ ಹಿಡಿದು, ಇದು ನಮ್ಮ ತಮ್ಮಂದೇ ಗದ್ದ ಅನ್ನುವಾಗ ಅವರ ಕಣ್ಣು ತುಂಬುತ್ತಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಆದರೂ ಅವರ ಕೈ ಆ ಗದ್ದದ ಮೇಲಿರುವಷ್ಟು ಹೊತ್ತೂ ಅತ್ತೆ ಉಸಿರು ಬಿಡುತ್ತಿರಲಿಲ್ಲ.

ಮಸ್ಕತ್ತಿನಿಂದ ಆ ಮನುಷ್ಯ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದ, ಅತ್ತೆ ಎಸ್ಟಿಡಿ ಬೂತಿನಲ್ಲಿ ಕಾಯುತ್ತ ಕೂರುತ್ತಿದ್ದಳು. ಅಲ್ಲಿ ಹಳೇ ಕಾಲದ ಈಶ್ವರನ ಗುಡಿ ಇದೆ, ಹಿಂದೆ ಗುಡ್ಡ, ಮುಂದೆ ಸಮುದ್ರ, ನಮ್ಮ ದೇಶದವರ ಮದುವೆ ಅಲ್ಲಿ ನಡೆಯುತ್ತವೆ ಅಂದನಂತೆ. ಮಂತ್ರ ಹೇಳುವವರು ಗುಜರಾತಿನವರು. ಕನ್ನಡದ ನಾಲ್ಕಾರು ಮನೆಗಳಿವೆ, ಅವರಲ್ಲೇ ಹಿರಿಯರೊಬ್ಬರು ಹೆಣ್ಣಿನ ಕಡೆ ನಿಲ್ಲುತ್ತಾರೆ. ಆಮೇಲೆ ಅಲ್ಲೇ ಇರುವ ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ದಾಖಲು ಮಾಡಿಸಬೇಕು. ಅಜ್ಜಿಗೆ ಚಿಂತೆ ಹತ್ತಿದ್ದು ಬೇರೆಯದಕ್ಕೆ. ನಮ್ಮ ಅಯ್ಯನವರು ಇಲ್ಲದೆ ತಾಳಿ ಕಟ್ಟಿಸಿದರೆ ಅದು ತಾಳಿ ಆದೀತಾ? ಅರಿಷಿಣ ಸಿಗುತ್ತದಾ ಅಲ್ಲಿ? ಅವಳು ಒಂದು ಬಟ್ಟೆಯಲ್ಲಿ ಅರಿಷಿಣದ ಕೊಂಬು, ಅಕ್ಕಿ, ಒಣಕೊಬ್ಬರಿ ಕಟ್ಟಿ ದೇವರ ಗೂಡಿನಲ್ಲಿಟ್ಟಳು. ಅತ್ತೆ ಹೊಲಿಗೆಯ ಹುಡುಗಿಯರು ಹೋದ ಮೇಲೆ ಬಾಗಿಲು ಹಾಕಿಕೊಂಡು ತನ್ನ ಮದುವೆಯ ಕುಪ್ಪಸ ತಾನೇ ಹೊಲಿದುಕೊಂಡಳು. ಹಸಿರು ಬಣ್ಣದ್ದು. ಹಸಿರು ಬಟ್ಟೆ ಮೈಗೆ ಹಾಕದೆ ಅವಳಿಗೆ ವರ್ಷಗಳೇ ಆಗಿದ್ದವು.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ ವಾರದಲ್ಲೇ ಬೀಗರು ಬಂದರು. ಮೋಸಂಬಿ ತಂದಿದ್ದರು. ಚಹಾ ಕುಡಿದರು, ಮಳೆಯ ಮಾತಾಡಿದರು. ಎದ್ದು ಚಪ್ಪಲಿ ಮೆಟ್ಟುವಾಗ ಅತ್ತೆಯ ಕಡೆ ತಿರುಗಿ, "ಫೋಟೋ ಚಲೋ ಬಂದಾವಂತಲ್ಲ ತಂಗಿ," ಅಂದರು. ಅಷ್ಟೇ.

ಅಪ್ಪ ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು ಬಂದ. ಬೀಗರು ಮತ್ತೆ ಬಂದರು. ಬೆಂಗಳೂರಿನಲ್ಲಿ ಸೆಕೆ ಹೇಗಿತ್ತು ಎಂದು ವಿಚಾರಿಸಿದರು. ಅಪ್ಪ ತಲೆ ಎತ್ತಲಿಲ್ಲ. ಆ ದಿನ ಮಗಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಬೀಗರು ಅವಳನ್ನೇ ನೋಡುತ್ತ ತಮ್ಮ ಹೊಲದ ಹಳೇ ಬಾವಿಯ ಸಂಗತಿ ಹೇಳಿದರು, ಈ ವರ್ಷ ಅದನ್ನು ಮುಚ್ಚಿಸಿದರಂತೆ.

"ಬಾವಿ ದಂಡಿ ಮ್ಯಾಗ ಕೂಸು ಆಡತಿದ್ರ ದೊಡ್ಡೋರಾದೋರು ಸುಮ್ಮನ ನಿಂತು ನೋಡಾಕ ಆಗತೈತೇನ್ರಿ?" ಎಂದು ಅವ್ವನನ್ನು ಕೇಳಿದರು. ಅವ್ವ ಇಲ್ಲರಿ ಅಂದಳು. 

ಅಲ್ಲಿಂದ ನಮ್ಮ ಮನೆಯಲ್ಲಿ ಮಾತು ಸಣ್ಣದಾಯಿತು. ಫೋಟೋದವನು ಹೇಳಿರಬಹುದು ಅಂದುಕೊಂಡೆವು. ಬೂತಿನವನ ಮೇಲೆ ಅನುಮಾನ ಬಂತು. ಭಾನುವಾರದ ಫೋನಿಗೆಂದು ಅತ್ತೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಕೂಡ್ಲಿಗಿಗೆ ಹೋಗತೊಡಗಿದಳು. ಅಲ್ಲಿ ನಮ್ಮ ಗುರುತಿನವರು ಯಾರೂ ಇರಲಿಲ್ಲ. ಕೂಡ್ಲಿಗಿಗೆ ಹೋಗಿ ಬಂದದ್ದೂ ಅವರಿಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ಹೇಳಿದ್ದು, ಹಿತ್ತಲಲ್ಲಿ ಹೇಳಿದ್ದು, ಎಲ್ಲವೂ ವಾರದೊಳಗೆ ಹರಪನಹಳ್ಳಿ ಮುಟ್ಟುತ್ತಿತ್ತು. ಗೋಡೆಗೆ ಯಾರೋ ಕಿವಿ ಹಚ್ಚಿ ನಿಂತಿದ್ದಾರೆ ಅನ್ನಿಸಿ ನಾನು ಓದುವಾಗಲೂ ಬೆನ್ನ ಹಿಂದೆ ನೋಡಿಕೊಳ್ಳುತ್ತಿದ್ದೆ.

ಕಂಡುಹಿಡಿದವಳು ಅವ್ವ. ಅಪ್ಪ ಜೋಳ ಹಾಕಲು ಹರಪನಹಳ್ಳಿಗೆ ಹೋಗಿಬಂದ ಮೇಲೆಯೇ ಬೀಗರು ಬರುತ್ತಾರೆ ಎಂಬುದು ಅವಳ ಲಕ್ಷ್ಯಕ್ಕೆ ಬಂತು. ಒಂದು ಮಧ್ಯಾಹ್ನ ಅಪ್ಪನಿಗೆ ಊಟಕ್ಕೆ ಬಡಿಸಿ ಎದುರಿಗೆ ಕೂತು ಕೇಳಿದಳು.

"ಕೇಳಿದ್ರು, ಹೇಳಿದೆ," ಅಂದ ಅಪ್ಪ. "ಎದುರಿಗೆ ಕುಂತು ಕಣ್ಣಾಗ ಕಣ್ಣಿಟ್ಟು ಕೇಳತಾರ. ಸುಳ್ಳು ಹ್ಯಾಂಗ ಹೇಳ್ಲಿ? ನಾಳಿ ಅವರ ಒಪ್ಪಿಗಿ ಇದ್ರ ಚಲೋ ಅಲ್ಲೇನು?"

ಅಪ್ಪ ಕೆಟ್ಟವನಲ್ಲ. ತಂಗಿಯ ಪಾಸ್‌ಪೋರ್ಟಿಗಾಗಿ ಕಚೇರಿ ಕಚೇರಿ ಅಲೆದವನೂ ಅವನೇ. ಹಿರಿಯರು ಕೇಳಿದರೆ ಇದ್ದದ್ದು ಇದ್ದಂತೆ ಹೇಳಬೇಕೆಂದು ಕಲಿತು ದೊಡ್ಡವನಾದವನು. ಅವ್ವ ಮಜ್ಜಿಗೆ ಹಾಕಿ ಎದ್ದಳು. ಆದರೆ ಆ ದಿನದಿಂದ ನಮ್ಮ ಮನೆಯ ಹೆಂಗಸರು ಅಪ್ಪ ಒಳಗೆ ಬಂದರೆ ಮಾತು ಬದಲಿಸುವುದನ್ನು ಕಲಿತೆವು. ಬೀಗರ ಭಯಕ್ಕಿಂತ ಅದು ನನಗೆ ಹೆಚ್ಚು ಕಷ್ಟವಾಯಿತು.

ಬೇಸಿಗೆ ಬಂತು. ಪ್ರತಿ ವರ್ಷ ಸೂಟಿಯಲ್ಲಿ ಮಗಳು ಒಂದು ವಾರ ಹರಪನಹಳ್ಳಿಗೆ ಹೋಗಿ ದೊಡ್ಡಪ್ಪನ ಮನೆಯಲ್ಲಿದ್ದು ಬರುವುದು ವಾಡಿಕೆ. ಆ ಹೊತ್ತಿಗೆ ಇಬ್ಬರ ಪಾಸ್‌ಪೋರ್ಟೂ ಬಂದಿದ್ದವು, ವೀಸಾದ ಕಾಗದ ಬಂದಿತ್ತು, ಮುಂಬಯಿಯಲ್ಲಿ ಅವನ ಗೆಳೆಯನೊಬ್ಬ ವಿಮಾನದ ಟಿಕೇಟು ಇಟ್ಟುಕೊಂಡಿದ್ದ. ನಮ್ಮ ಮನೆಯಿಂದ ಅಪ್ಪ ಅವ್ವ ಇಬ್ಬರೂ ಹೋಗುವುದೆಂದು ಮೊದಲಿದ್ದದ್ದು ಆಮೇಲೆ ಅಪ್ಪ ಒಬ್ಬನೇ ಎಂದಾಗಿ, ಈಗ ಯಾರೂ ಹೋಗುವ ಮಾತೇ ಉಳಿದಿರಲಿಲ್ಲ. ಮಗಳನ್ನು ಹರಪನಹಳ್ಳಿಗೆ ಕಳಿಸದಿದ್ದರೆ ಜಗಳ ಎದುರಿಗೇ ಬರುತ್ತದೆ. ಕಳಿಸಿದರೆ? ಅತ್ತೆ ಅತ್ತ ಇತ್ತ ತೂಗಿದಳು. ಅಪ್ಪ ತಾನು ಮಾತು ತಗೊಂಡು ಬಂದಿದ್ದೇನೆ, ಎಂಟು ದಿನಕ್ಕೆ ಅವರೇ ತಂದು ಬಿಡುತ್ತಾರೆ ಅಂದ. ಬೀಗರು ಜೀಪಿನಲ್ಲಿ ಬಂದು ಕರೆದುಕೊಂಡು ಹೋದರು. ಮಗಳು ಮುಂದಿನ ಸೀಟಿನಲ್ಲಿ ಕೂತು ನಮಗೆ ಕೈ ಬೀಸಿದಳು.

ಎಂಟು ದಿನಕ್ಕೆ ತಂದು ಬಿಡಲಿಲ್ಲ. ಗದ್ದಕ್ಕೆ ಬಾವು ಬಂದಿದೆ, ಬಿಸಿಲಲ್ಲಿ ಕರೆದುಕೊಂಡು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಆಮೇಲೆ ಮನೆಯಲ್ಲಿ ಏನೋ ಕಾರ್ಯ ಇದೆ ಅಂದರು. ಅದಾದ ಮೇಲೆ ಏನೂ ಹೇಳಿ ಕಳಿಸಲಿಲ್ಲ. ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಬೆಳಗಿನ ಬಸ್ಸಿಗೆ ಹೊರಟಳು.

ಮಗಳು ಪಡಸಾಲೆಯಲ್ಲಿ ಹೊಸ ಬೂಟು ಹಾಕಿಕೊಂಡು ಓಡಾಡುತ್ತಿದ್ದಳು. ಶಾಲೆಯ ಬೂಟು. ಗದ್ದದಲ್ಲಿ ಬಾವು ಇರಲಿಲ್ಲ. ಬೀಗರು ನಮ್ಮನ್ನು ಪ್ರೀತಿಯಿಂದಲೇ ಮಾತಾಡಿಸಿದರು. ಹರಪನಹಳ್ಳಿಯಲ್ಲಿ ಒಳ್ಳೆಯ ಶಾಲೆಗೆ ಹೆಸರು ಹಚ್ಚಿಸಿದ್ದೇನೆ ಅಂದರು. ಅತ್ತೆಯ ಮದುವೆಯ ವಿಷಯವನ್ನು ಅವರೇ ತೆಗೆದರು. ಅಷ್ಟು ತಿಂಗಳಲ್ಲಿ ಅದೇ ಮೊದಲು.

"ನೀ ಹೋಗಿ ಬಾ ತಂಗಿ. ಚಿಕ್ಕ ವಯಸ್ಸು, ಬ್ಯಾಡ ಅನ್ನಾಕ ನಾ ಯಾರು? ನಮ್ಮ ತಮ್ಮಂದು ಅಂತ ಉಳಿದಿದ್ದು ಈ ಕೂಸೊಂದು. ಅದು ಇಲ್ಲಿರತೈತಿ."

ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಬೀಗರೂ ಅದನ್ನೇ ಕಾಯುತ್ತಿದ್ದರೆಂದು ಕಾಣುತ್ತದೆ. ಅತ್ತೆ ತನ್ನ ಚೀಲ ಎತ್ತಿಕೊಂಡು, ಗಂಡನ ಫೋಟೋ ಇದ್ದ ಒಳಕೋಣೆಗೆ ಹೋಗಿ ಚೀಲವನ್ನು ಮೂಲೆಯಲ್ಲಿಟ್ಟು ಬಂದಳು. "ಹಂಗಾರ ನಾನೂ ಇಲ್ಲೇ ಇರತೀನಿ ಭಾವ," ಅಂದು ಅಡುಗೆಮನೆಗೆ ನಡೆದಳು.

ನಾನು ಒಬ್ಬಳೇ ವಾಪಸ್ಸು ಬಂದೆ. ಅತ್ತೆ ಅಲ್ಲೇ ಇದ್ದಳು. ವೀಸಾದ ಅವಧಿ ಮುಗಿಯುತ್ತ ಬಂತು. ಮಸ್ಕತ್ತಿನಿಂದ ಫೋನು ಬಂದರೆ ಅವ್ವ ಬೂತಿಗೆ ಹೋಗಿ ಮಾತಾಡುತ್ತಿದ್ದಳು, ಅವನು ಕಾಯುತ್ತೇನೆ ಅನ್ನುತ್ತಿದ್ದ, ಅಷ್ಟು ಬಿಟ್ಟರೆ ಅವನಿಗೂ ಏನೂ ತೋಚುತ್ತಿರಲಿಲ್ಲ. ಅತ್ತೆಗೆ ಬಟ್ಟೆ ಕೊಟ್ಟು ಬರುವ ನೆಪದಲ್ಲಿ ಅವ್ವ ನನ್ನನ್ನು ಇನ್ನೊಮ್ಮೆ ಹರಪನಹಳ್ಳಿಗೆ ಕಳಿಸಿದಳು. ಹೊರಡುವ ಮುಂಚೆ ನನ್ನ ಒಳಲಂಗಕ್ಕೆ ಒಳಗಡೆಯಿಂದ ಒಂದು ಚೀಲ ಹೊಲಿದು, ಎರಡೂ ಪಾಸ್‌ಪೋರ್ಟು, ವೀಸಾದ ಕಾಗದ ಎಲ್ಲ ಅದರಲ್ಲಿ ಹಾಕಿ ಬಾಯಿ ಹೊಲಿದಳು. ಅಪ್ಪನಿಗೆ ಹೇಳಬೇಡ ಅಂದಳು. ಗೊತ್ತಿಲ್ಲದಿದ್ದರೆ ಅವನು ಸುಳ್ಳು ಹೇಳುವ ಕಷ್ಟ ಇರುವುದಿಲ್ಲ ಅಂದಳು.

ಬಾಗಿಲಲ್ಲೇ ಬೀಗರು ಸಿಕ್ಕರು. ಅವ್ವ ಏನೇನು ಕಳಿಸ್ಯಾರ ನೋಡೂಣು ಎಂದು ನಗುತ್ತ ನನ್ನ ಕೈಯಿಂದ ಚೀಲ ತೆಗೆದುಕೊಂಡು ಸೀರೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ತಳದಲ್ಲಿ ಕರಿಗಡಬಿನ ಡಬ್ಬಿ ಇತ್ತು. ಮುಚ್ಚಳ ತೆಗೆದು ಒಂದು ತಿಂದರು. ಬೆಲ್ಲ ಕಡಿಮಿ ಐತಿ ಅಂದರು. ನನ್ನ ತೊಡೆಗೆ ಕಾಗದದ ಅಂಚು ಒತ್ತುತ್ತಿತ್ತು, ಕಾಲು ಎತ್ತಿಟ್ಟರೆ ಸಪ್ಪಳ ಬಂದೀತೆಂದು ಅವರು ಅಂಗಡಿಗೆ ಹೊರಡುವ ತನಕ ಅಲ್ಲೇ ಕಂಬಕ್ಕೆ ಆತು ನಿಂತೆ.

ಆ ಮನೆಯಲ್ಲಿ ಬೀಗರ ಹೆಂಡತಿ ಇದ್ದಳು. ಅವಳ ಬಗ್ಗೆ ಇಷ್ಟು ಹೊತ್ತು ನಾನು ಹೇಳದಿರಲು ಕಾರಣ, ಅಷ್ಟು ವರ್ಷಗಳಲ್ಲಿ ಅವಳ ದನಿಯನ್ನು ನಾವು ಕೇಳಿದ್ದೇ ಇಲ್ಲವೆನ್ನುವಷ್ಟು ಕಡಿಮೆ. ಬಡಿಸುತ್ತಿದ್ದಳು, ನೀರು ಕೊಡುತ್ತಿದ್ದಳು, ಗಂಡ ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಹಾಗಾಗಿ ಅತ್ತೆಯ ಮಗಳನ್ನು ಇಟ್ಟುಕೊಳ್ಳುವ ಆಸೆ ಅವಳಿಗೇ ಹೆಚ್ಚು ಎಂದು ನಾವೆಲ್ಲ ನಂಬಿದ್ದೆವು. ಅತ್ತೆ ಅಷ್ಟು ದಿನ ಅವಳ ಜೊತೆ ಒಂದೇ ಒಲೆಯ ಮುಂದೆ ಕೂತಿದ್ದಳು. ಇಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಅತ್ತೆ ಮುಂದೆ ಎಂದೂ ಹೇಳಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಬೀಗರ ಹೆಂಡತಿ ಮಗಳ ತಲೆ ಬಾಚಿ, ಬಿಗಿಯಾಗಿ ಎರಡು ಜಡೆ ಹಾಕಿ, ಹಣೆಗೆ ವಿಭೂತಿ ಹಚ್ಚಿದಳು. ಆಮೇಲೆ ಅತ್ತೆಯ ಕಡೆ ನೋಡದೆ ಹೇಳಿದಳು.

"ಹುಡುಗೀನ ಗುಡಿಗೆ ಕರಕೊಂಡು ಹೋಗು. ಹಿಂದಿನ ಬಾಗ್ಲಾಗ ಚಪ್ಪಲಿ ಇಟ್ಟೀನಿ."

ಅತ್ತೆ ಅವಳ ಕೈ ಹಿಡಿಯಲು ಹೋದಳು. ಅವಳು ಕೈ ಕೊಡದೆ ಒಲೆಯ ಕಡೆ ತಿರುಗಿದಳು.

ಒಳಕೋಣೆಯಲ್ಲಿ ನಾನು ಲಂಗದ ಹೊಲಿಗೆ ಹಲ್ಲಿನಿಂದ ಕಡಿದು ಕಾಗದ ತೆಗೆದುಕೊಟ್ಟೆ. ಹಸಿರು ಕುಪ್ಪಸ, ಅಜ್ಜಿಯ ಗಂಟು ಎಲ್ಲ ಕೊಟ್ಟೂರಿನಲ್ಲೇ ಉಳಿದಿದ್ದವು, ಅವನ್ನು ಕಳಿಸುವ ಧೈರ್ಯ ಅವ್ವನಿಗೆ ಆಗಿರಲಿಲ್ಲ. ಬಸ್ ನಿಲ್ದಾಣಕ್ಕೆ ದೊಡ್ಡ ಬೀದಿ ಬಿಟ್ಟು ಸಂದಿಯಲ್ಲಿ ನಡೆದೆವು. ಮಗಳು ಗುಡಿ ಈ ಕಡೆ ಅಲ್ಲ ಎಂದು ಎರಡು ಸಲ ಹೇಳಿ ಆಮೇಲೆ ಅತ್ತೆಯ ಸೆರಗು ಹಿಡಿದು ನಡೆದಳು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೊಸಪೇಟೆ ದಾರಿ ಹಿಡಿದರೆ ಮೊದಲು ಅಲ್ಲೇ ಹುಡುಕುತ್ತಾರೆ. ಅತ್ತೆ ದಾವಣಗೆರೆ ಬಸ್ಸು ಹತ್ತಿದಳು. ದಾವಣಗೆರೆಯಿಂದ ಮುಂಬಯಿ ಕಡೆ ಹೋಗುವ ಬಸ್ಸು ಸಿಗುತ್ತವೆ. ಅವಳು ಕಿಟಕಿಯ ಪಕ್ಕ ಕೂತಳು. ಸೆರಗನ್ನು ಮಗಳ ಮುಖಕ್ಕೆ ಮುಚ್ಚಿ ಹಿಡಿದಿದ್ದಳು. ಬಸ್ಸು ಹೋದ ಮೇಲೆ ನಾನು ಕೊಟ್ಟೂರಿನ ಬಸ್ಸಿಗೆ ನಿಂತೆ, ಅದು ಬರುವ ತನಕ ನಿಲ್ದಾಣದಲ್ಲಿದ್ದ ಪ್ರತಿಯೊಬ್ಬರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಸಂಜೆ ಜೀಪು ನಮ್ಮ ಮನೆಯ ಮುಂದೆ ನಿಂತಿತು. ಬೀಗರು ಇಳಿದು ಬಂದರು. ಬಟ್ಟೆ ಕೊಟ್ಟವಳೇ ಬಸ್ಸು ಹತ್ತಿದೆ ಎಂದು ನಾನು ಅವ್ವ ಹೇಳಿಕೊಟ್ಟಂತೆ ಅಂದೆ. ಅವರು ಅಪ್ಪನ ಎದುರಿಗೆ ಕೂತು, ಎಂದಿನಂತೆ ಮೆಲ್ಲಗೆ ಕೇಳಿದರು. ಅಪ್ಪ ಗೊತ್ತಿಲ್ಲ ಅಂದ. ನಿಜವಾಗಿಯೂ ಗೊತ್ತಿರಲಿಲ್ಲ. ಅವರು ನಂಬಲಿಲ್ಲ, ಮತ್ತೆ ಕೇಳಿದರು, ಮತ್ತೆ ಕೇಳಿದರು. ಅಪ್ಪ ತನ್ನ ಮುಖವನ್ನು ಅವರಿಗೆ ತೋರಿಸುತ್ತ ಕೂತಿದ್ದ, ಅದರಲ್ಲಿ ಏನೂ ಇಲ್ಲ ನೋಡಿಕೊಳ್ಳಿ ಅನ್ನುವ ಹಾಗೆ. ಅವರು ಹೋದ ಮೇಲೆ ಅವನು ಅವ್ವನ ಕಡೆ ತಿರುಗಿ, "ನನಗ ಹೇಳಲಿಲ್ಲಲ್ಲ," ಅಂದ. ಆಮೇಲೆ ಎಷ್ಟೋ ದಿನ ಅವ್ವನ ಜೊತೆ ಮಾತಾಡಲಿಲ್ಲ.

ಮದುವೆಯಾಯಿತು. ಅತ್ತೆ ಬೂತಿಗೆ ಫೋನು ಮಾಡಿದಾಗ ಅಜ್ಜಿ ಹೇಗೆ ನಡೀತು ಎಂದು ಕೇಳಿದ್ದಕ್ಕೆ ಅವಳು ಅಂದದ್ದು ಒಂದೇ ಮಾತು: "ಬಿಸಿಲು ಭಾಳ ಇತ್ತವ್ವ, ಕಣ್ಣು ಬಿಡಾಕ ಆಗಲಿಲ್ಲ." ಅಜ್ಜಿ ರಿಸೀವರು ಇಟ್ಟು ಅಳುತ್ತ ನಕ್ಕಳು. ಅದೇ ವಾರ ಹರಪನಹಳ್ಳಿಯಿಂದ ಬಂದವರೊಬ್ಬರು ಬೀಗರ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳಂತೆ, ಕೈ ಮುರಿದಿದೆಯಂತೆ ಎಂದರು. ಅವ್ವ ಆ ದಿನ ಊಟ ಮಾಡಲಿಲ್ಲ. ನೋಡಿಕೊಂಡು ಬರುತ್ತೇನೆ ಅಂದಳು, ನಾವು ಹೋದರೆ ಅವಳಿಗೇ ಕೇಡು ಎಂದು ಅಜ್ಜಿ ತಡೆದಳು. ಆಕೆ ತವರಿಗೆ ಹೋದಳೆಂದು ಒಮ್ಮೆ ಕೇಳಿದೆವು, ವಾಪಸ್ಸು ಬಂದಳೆಂದು ಇನ್ನೊಮ್ಮೆ. ಅದರಾಚೆ ನಮಗೆ ಏನೂ ಗೊತ್ತಾಗಲಿಲ್ಲ.

ಅತ್ತೆ ನಮ್ಮ ಕಡೆ ಬಂದದ್ದು ಆರೇಳು ವರ್ಷಗಳ ಮೇಲೆ, ಒಂದೇ ಸಲ, ಅದೂ ಕೊಟ್ಟೂರಿಗಲ್ಲ. ಹೊಸಪೇಟೆಯ ಲಾಡ್ಜೊಂದರಲ್ಲಿ ಇಳಿದು ನಮಗೆ ಹೇಳಿ ಕಳಿಸಿದಳು. ಅವ್ವ, ನಾನು, ಅಪ್ಪನೂ ಹೋದೆವು. ಮೈ ತುಂಬಿಕೊಂಡಿದ್ದಳು, ಕೈತುಂಬ ಬಳೆ ಇದ್ದವು. ಗಂಡ ಅಪ್ಪನ ಪಕ್ಕ ಕೂತು ಅಲ್ಲಿನ ಕೆಲಸದ ಮಾತಾಡುತ್ತಿದ್ದ. ಮಗಳು ನನ್ನ ಎತ್ತರಕ್ಕೆ ಬಂದಿದ್ದಳು, ಮಾತಿನಲ್ಲಿ ನಮ್ಮ ಕಡೆಯ ಎಳೆ ಹೋಗಿತ್ತು. ಅವ್ವ ಕಟ್ಟಿಕೊಂಡು ಹೋಗಿದ್ದ ಬುತ್ತಿ ಬಿಚ್ಚಿ ಎಲ್ಲರೂ ಮಂಚದ ಮೇಲೆ, ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಏನೋ ಹಳೇ ಸಂಗತಿಗೆ ಅಪ್ಪ ನಕ್ಕ.

ಆಗ ಬಾಗಿಲು ಬಡಿದ ಸದ್ದಾಯಿತು. ಲಾಡ್ಜಿನವನು ಕುಡಿಯುವ ನೀರು ತಂದಿದ್ದ. ನಾನು ಎದ್ದು ಜಗ್ಗು ಇಸಕೊಂಡು ಬಾಗಿಲು ಹಾಕಿ ತಿರುಗಿ ನೋಡಿದರೆ, ಮಗಳ ತಟ್ಟೆಯ ಮುಂದೆ ಮಗಳು ಇರಲಿಲ್ಲ. ಅಡಗಿಕೋ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಚ್ಚಲಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅತ್ತೆ ಎಂಜಲ ಕೈಯಲ್ಲೇ ಎದ್ದು ನಿಂತಿದ್ದಳು, ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು.